ಬೋರ್ಡಿನ ಮುಖವೋ, ಅಂಗಡಿಯವರ ಮಾತೋ?

ದಾವಣಗೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಓದುಗರೊಬ್ಬರು (ಹೆಸರು ಹಾಕಬೇಡಿ ಎಂದಿದ್ದಾರೆ) ಬರೆಯುತ್ತಾರೆ: ‘ಫೋನ್ ಮಾರಲು ಸಿನಿಮಾ ನಟರು, ಕ್ರಿಕೆಟಿಗರು ಯಾಕೆ ಬೇಕು ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೀರಿ. ಒಂದು ದಿನ ನಮ್ಮ ಕೌಂಟರಿನಲ್ಲಿ ನಿಂತು ನೋಡಿ. ಜಗಳೂರಿನಿಂದ ಬಂದ ಹುಡುಗ ಪ್ರೊಸೆಸರ್ ಯಾವುದು ಅಂತ ಕೇಳುವುದಿಲ್ಲ, ಬೋರ್ಡಿನ ಕಡೆ ಕೈ ತೋರಿಸಿ ಅದೇ ಕೊಡಿ ಅನ್ನುತ್ತಾನೆ. ಗುರುತಿನ ಮುಖ ಇಲ್ಲದ ಕಂಪನಿಯ ಮಾಲು ಶೋಕೇಸಿನಲ್ಲೇ ಕೂರುತ್ತದೆ. ನಾವೂ ಬದುಕಬೇಕಲ್ಲ?’

ಉತ್ತರ: ಯಜಮಾನರೇ, ನಿಮ್ಮ ಮಾತು ಸುಳ್ಳಲ್ಲ. ಹೆಸರೇ ಕೇಳದ ಕಂಪನಿಯೊಂದು ಬಂದು ಹದಿನೈದು ಸಾವಿರ ಕೇಳುವಾಗ ಪರಿಚಯದ ಮುಖ ಕಂಡರೆ ಗಿರಾಕಿಗೆ ಧೈರ್ಯ ಬರುತ್ತದೆ. ಆ ಧೈರ್ಯ ಎಷ್ಟು ದಿನ ಬಾಳುತ್ತದೆ ಎಂಬುದೇ ನನ್ನ ತಕರಾರು.

ನಮ್ಮ ದೇಶದ್ದೇ ಫೋನ್ ಕಂಪನಿ ಮೈಕ್ರೋಮ್ಯಾಕ್ಸ್ ನೆನಪಿದೆಯಲ್ಲ? 2013ರಲ್ಲಿ ಹಾಲಿವುಡ್‌ನಿಂದ ನಟ ಹ್ಯೂ ಜಾಕ್‌ಮನ್ ಅವರನ್ನೇ ಕರೆತಂದಿತ್ತು. 4ಜಿ ಬಂದು, ಚೀನಾ ಕಂಪನಿಗಳು ಮುನ್ನುಗ್ಗಿದಾಗ ಆ ಮುಖ ಅದನ್ನು ಕಾಯಲಿಲ್ಲ. ಚೀನಾದ ಜಿಯೋನಿ ಕಂಪನಿಗೆ ಆಲಿಯಾ ಭಟ್ ಇದ್ದರು, ವಿರಾಟ್ ಕೊಹ್ಲಿ ಇದ್ದರು. ಆದರೂ 2018ರಲ್ಲಿ ಚೀನಾದಲ್ಲಿ ಕಂಪನಿ ದಿವಾಳಿ ಎದ್ದಿತು. ಐಪಿಎಲ್‌ಗೆ ತನ್ನ ಹೆಸರು ಅಂಟಿಸಲು ಚೀನಾದ್ದೇ ಇನ್ನೊಂದು ಫೋನ್ ಕಂಪನಿ ವಿವೊ 2017ರಲ್ಲಿ ಐದು ವರ್ಷಕ್ಕೆ 2,199 ಕೋಟಿ ರೂಪಾಯಿ ಒಪ್ಪಿಕೊಂಡಿತು. ಭಾರತ–ಚೀನಾ ಗಡಿಯಲ್ಲಿ ಗಲಾಟೆಯಾದ 2020ರಲ್ಲಿ ಆ ವರ್ಷದ ಮಟ್ಟಿಗೆ ಹಿಂದೆ ಸರಿಯಿತು, 2022ರ ಹೊತ್ತಿಗೆ ಆ ಜಾಗದಲ್ಲಿ ಟಾಟಾ ಹೆಸರಿತ್ತು. ಹುವಾವೆ ಫೋನಿಗೆ ರಾಯಭಾರಿಯಾಗಿದ್ದ ನಟಿ ಗಾಲ್ ಗಡೋಟ್ ಅವರ ಪ್ರಚಾರದ ಟ್ವೀಟ್ 2018ರಲ್ಲಿ ಹೊರಬಿದ್ದದ್ದು ಐಫೋನಿನಿಂದ. ಮುಖ ಒಬ್ಬರದು, ಟ್ವೀಟ್ ಕಳಿಸಿದ ಫೋನ್ ಇನ್ನೊಂದು.

ಒಳಗಿನ ಸರಕಾದರೂ ಬೇರೆಯೇ? ನಿಮಗೆ ನಾನು ಹೇಳಬೇಕಿಲ್ಲ. ಪೈಪೋಟಿಯಲ್ಲಿರುವ ಕಂಪನಿಗಳಲ್ಲಿ ಎಷ್ಟೋ ಫೋನ್‌ಗಳಿಗೆ ಚಿಪ್ ಬರುವುದು ಕ್ವಾಲ್‌ಕಾಮ್ ಇಲ್ಲವೇ ಮೀಡಿಯಾಟೆಕ್‌ನಿಂದ, ಕ್ಯಾಮೆರಾದ ಸೆನ್ಸರ್ ಸೋನಿ ಅಥವಾ ಸ್ಯಾಮ್‌ಸಂಗ್‌ನಿಂದ. ಒಳಗೆ ಅಷ್ಟು ಹತ್ತಿರದ ನಂಟು ಇರುವುದರಿಂದಲೇ ಹೊರಗೆ ಮುಖಕ್ಕೆ ಇಷ್ಟು ದುಡ್ಡು ಸುರಿಯಬೇಕಾಗಿದೆ. ಆ ದುಡ್ಡು ಕೊನೆಗೆ ನಿಮ್ಮ ಗಿರಾಕಿಯ ಜೇಬಿನದ್ದೇ.

ಮೊನ್ನೆ ಮೆಕ್ಕೆಜೋಳದ ಸುಗ್ಗಿಯಲ್ಲಿ ನನ್ನ ಫೋನ್ ಕೆಟ್ಟು ರಿಪೇರಿ ಅಂಗಡಿಗೆ ಹೋಗಿದ್ದೆ. ಪಕ್ಕದ ಸ್ಟೂಲಿನಲ್ಲಿ ಹಳ್ಳಿಯ ತಾಯಿಯೊಬ್ಬರು ಕೂತಿದ್ದರು. ಫೋನ್ ಕೊಂಡಾಗ ಕೊಟ್ಟ ಕೈಚೀಲದಲ್ಲೇ ಅದನ್ನು ಸುತ್ತಿ ತಂದಿದ್ದರು. ಚೀಲದ ಮೇಲೆ ನಟನೊಬ್ಬನ ನಗುಮುಖ, ಮಡಿಕೆ ಬಿದ್ದ ಕಡೆ ಬಣ್ಣ ಎದ್ದುಹೋಗಿತ್ತು. ‘ಚಾರ್ಜೇ ಏರವಲ್ದಪ್ಪ. ಇವ್ರು ಚಲೋ ಐತಿ ಅಂದಿದ್ರು’ ಅಂದರು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಫೋನಿನ ಒಳಗಿನ ಬೋರ್ಡೇ ಹೋಗಿದೆ ಎಂದಿದ್ದರಂತೆ. ಹೇಳಿದ ದರ ಫೋನಿನ ಅರ್ಧ ಬೆಲೆ. ರಿಪೇರಿ ಹುಡುಗ ಟಾರ್ಚ್ ಬಿಟ್ಟು ಚಾರ್ಜಿಂಗ್ ಪಿನ್ನಿನ ಗೂಡು ನೋಡಿದ. ಸಣ್ಣ ಸೂಜಿಯಿಂದ ಮೆಲ್ಲಗೆ ಕೆದಕಿದಾಗ ಜೋಳದ ಹೊಟ್ಟು, ಧೂಳು ಒಟ್ಟಾಗಿ ಗಟ್ಟಿಯಾದ ಉಂಡೆ ಹೊರಬಂತು. ಬ್ರಷ್ಷಿನಿಂದ ಒರೆಸಿ ವೈರು ಚುಚ್ಚಿದ. ಬ್ಯಾಟರಿ ಗುರುತು ಹಸಿರಾಯಿತು. ಇಪ್ಪತ್ತು ರೂಪಾಯಿ ತಗೊಂಡ. ಆ ತಾಯಿ ಮುಂದಿನ ಫೋನ್ ಎಲ್ಲಿ ಕೊಳ್ಳುತ್ತಾರೆ, ಯಾರನ್ನು ಕೇಳಿ ಕೊಳ್ಳುತ್ತಾರೆ, ನೀವೇ ಹೇಳಿ.

ನಮ್ಮ ದಾವಣಗೆರೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು, ಬಟ್ಟೆ ವ್ಯಾಪಾರದ ಊರು. ನನ್ನ ತಂದೆ ಸೀರೆ ತಂದರೆ ಯಾವ ಮಿಲ್ಲಿನದು ಎನ್ನುವುದಕ್ಕಿಂತ ಯಾರ ಅಂಗಡಿಯದು ಎಂದು ಅವ್ವ ಕೇಳುತ್ತಿದ್ದಳು. ‘ಬಣ್ಣ ಬಿಟ್ಟರೆ ವಾಪಸ್ ತನ್ನಿ’ ಎಂದ ಸಾಹುಕಾರರ ಮಾತೇ ಸೀರೆಯ ಬ್ರ್ಯಾಂಡ್ ಆಗಿತ್ತು. ಆ ಮಾನವನ್ನು ನೀವೆಲ್ಲ ಕಂಪನಿಯ ಬೋರ್ಡಿಗೆ ಬಿಟ್ಟುಕೊಟ್ಟಿರಿ. ಅಶೋಕ ರಸ್ತೆಯಲ್ಲಿ ನಡೆದರೆ ನೀಲಿ, ಹಸಿರು ಬೋರ್ಡುಗಳಲ್ಲಿ ಕಂಪನಿಯ ಹೆಸರು ಆಳೆತ್ತರ, ನಿಮ್ಮ ಅಂಗಡಿಯ ಹೆಸರು ಮೂಲೆಯಲ್ಲಿ ಗೇಣುದ್ದ. ನನಗೆ ಅದು ಸಂಕಟ.

ಫೋನಿನ ಮಾತು ಬಿಡಿ, ನೂರು ವರ್ಷಕ್ಕೂ ಮೇಲಿಂದ ಕನ್ನಡಿಗರ ಬಚ್ಚಲುಮನೆಯಲ್ಲಿ ಗಮಗಮಿಸುತ್ತಿರುವ ಮೈಸೂರು ಸ್ಯಾಂಡಲ್ ಸೋಪಿಗೂ 2025ರಲ್ಲಿ 6.20 ಕೋಟಿ ಕೊಟ್ಟು ತಮನ್ನಾ ಅವರನ್ನು ರಾಯಭಾರಿ ಮಾಡಿದರು. ಹೊರ ರಾಜ್ಯಗಳ ಮಾರುಕಟ್ಟೆಗಾಗಿ ಎಂದು ಸರ್ಕಾರ ಹೇಳಿತು. ಹೊರಗಿನ ನಟಿ ಯಾಕೆ ಎಂದು ಬಹಳ ಜನ ಜಗಳ ತೆಗೆದರು. ನನ್ನ ಜಗಳ ಅದಲ್ಲ. ಗಂಧದ ಪರಿಮಳಕ್ಕೆ ಯಾವ ಮುಖವೂ ಬೇಕಿರಲಿಲ್ಲ.

ಕಾನೂನಿಗಾದರೂ ಹಲ್ಲಿದೆಯೇ? ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಆದರೆ ದೂರು ಕೊಡಬೇಕಾದವರಿಗೆ ವಾರಂಟಿ ಕಾರ್ಡೇ ಓದಲು ಬರುವುದಿಲ್ಲ. ನನ್ನ ಮೇಜಿನ ಡ್ರಾಯರಿನಲ್ಲಿ ನಾಲ್ಕು ಫೋನ್‌ಗಳ ಕಾರ್ಡುಗಳಿವೆ. ಒಂದರಲ್ಲೂ ಒಂದು ಸಾಲು ಕನ್ನಡವಿಲ್ಲ. ಟಿವಿಯಲ್ಲಿ ನಟರು ಕನ್ನಡದಲ್ಲಿ ನಕ್ಕು ಮಾತಾಡುತ್ತಾರೆ, ಷರತ್ತು ಮಾತ್ರ ಸಾಸಿವೆಯಷ್ಟು ಇಂಗ್ಲಿಷ್ ಅಕ್ಷರದಲ್ಲಿ.

ಯಜಮಾನರೇ, ನಿಮ್ಮ ಬರವಣಿಗೆಯಲ್ಲಿ ಗಿರಾಕಿಯ ಬಗ್ಗೆ ಪ್ರೀತಿ ಕಂಡಿತು, ಅದಕ್ಕೇ ಇಷ್ಟುದ್ದ ಬರೆದೆ. ಒಂದು ಕೆಲಸ ಮಾಡಿ. ಶೋಕೇಸಿನ ಪ್ರತಿ ಫೋನಿನ ಮುಂದೆ ಒಂದು ಚೀಟಿ ಇಡಿ: ಡಿಸ್‌ಪ್ಲೇ ಒಡೆದರೆ ಎಷ್ಟು, ಬ್ಯಾಟರಿಗೆ ಎಷ್ಟು, ರಿಪೇರಿ ಎಲ್ಲಿ, ಎಷ್ಟು ದಿನ. ಕನ್ನಡದಲ್ಲಿ, ನಿಮ್ಮ ಕೈಬರಹದಲ್ಲೇ ಇರಲಿ, ಕೆಳಗೆ ನಿಮ್ಮ ಸಹಿ. ಇಟ್ಟ ದಿನ ನನಗೆ ಒಂದು ಅಂಚೆ ಕಾರ್ಡು ಹಾಕಿ, ನನ್ನ ಮುಂದಿನ ಫೋನಿಗೆ ನಿಮ್ಮಲ್ಲಿಗೇ ಬರುತ್ತೇನೆ.

— ಸಂ.