ಡಿಜಿ-ಕೀ ಅಂದರೆ ಬೀಗದ ಕೀಲಿಯಾ?

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ಟಿವಿ, ಯುಪಿಎಸ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಮಗ ಕಾಲೇಜು ಪ್ರಾಜೆಕ್ಟಿಗೆ ತರಿಸಿದ ಪ್ಯಾಕೆಟ್ ಮೇಲೆ ‘ಡಿಜಿ-ಕೀ’ ಅಂತಿತ್ತು. ಏನು ಹೆಸರಿದು? ಸಣ್ಣ ಊರಿನ ಕಂಪನಿಯಂತೆ, ಹೌದಾ? ನಮ್ಮ ಕಡೆ ಇಂಥದ್ದು ಆಗೋದುಂಟಾ?

ಉತ್ತರ: ಹೌದು, ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಈ ಕಂಪನಿಯದು ಸಣ್ಣ ಊರೇ. ಅಮೆರಿಕದ ಮಿನೆಸೋಟ ರಾಜ್ಯದ ಥೀಫ್ ರಿವರ್ ಫಾಲ್ಸ್. ಜನಸಂಖ್ಯೆ 9 ಸಾವಿರ ಮುಟ್ಟುವುದಿಲ್ಲ, ಅಂದರೆ ನಿಮ್ಮ ತೀರ್ಥಹಳ್ಳಿಗಿಂತ ಚಿಕ್ಕದು. ನಮಗೆ ಮಳೆಗಾಲ ಹೇಗೋ ಅವರಿಗೆ ಚಳಿಗಾಲ ಹಾಗೆ, ತಿಂಗಳುಗಟ್ಟಲೆ ಹಿಮ.

ಹೆಸರಿನ ಕಥೆ ನನಗೆ ತುಂಬಾ ಇಷ್ಟ. ರೊನಾಲ್ಡ್ ಸ್ಟೋರ್ಡಾಲ್ ಅನ್ನುವವರಿಗೆ ಹ್ಯಾಮ್ ರೇಡಿಯೊ ಹುಚ್ಚು, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ದೂರದವರನ್ನು ಸಂಪರ್ಕಿಸುವುದು. ಚುಕ್ಕೆ-ಗೆರೆಗಳ ಸಂಕೇತದಲ್ಲಿ ಸುದ್ದಿ ಕಳಿಸುವ ಮೋರ್ಸ್ ಕೋಡ್‌ನಲ್ಲಿ ಚುಕ್ಕೆ ಎಷ್ಟು ಹೊತ್ತೋ ಗೆರೆ ಅದರ ಮೂರರಷ್ಟು ಹೊತ್ತು ಇರಬೇಕು, ಕೈಯಲ್ಲೇ ಕುಟ್ಟುತ್ತಾ ಹೋದರೆ ಮಣಿಕಟ್ಟು ಸೋತು ಅಳತೆ ತಪ್ಪುತ್ತದೆ. ಆ ಅಳತೆಯನ್ನು ಐಸಿಗಳೇ (ಚಿಪ್‌ಗಳೇ) ನೋಡಿಕೊಳ್ಳುವ ಕಿಟ್ ಒಂದನ್ನು ಅವರು ಮಾಡಿ ಮಾರಿದರು. ಅದೇ ‘ಡಿಜಿ-ಕೀಯರ್’. ಕೀ ಅಂದರೆ ಮೋರ್ಸ್ ಕುಟ್ಟುವ ಕೀ, ಬೀಗದ್ದಲ್ಲ! ಆಮೇಲೆ ಹ್ಯಾಮ್‌ಗಳಿಗೆ ಬಿಡಿಭಾಗಗಳನ್ನೂ ಮಾರತೊಡಗಿದರು. 1972ರಲ್ಲಿ ತಮ್ಮೂರಲ್ಲೇ ಕಂಪನಿ ಕಟ್ಟಿದರು. ಈಗ ಅವರ ಪಟ್ಟಿಯಲ್ಲಿ ಒಂದು ಕೋಟಿಗೂ ಜಾಸ್ತಿ ಬಗೆಯ ಭಾಗಗಳಿವೆ, ಊರು ಮಾತ್ರ ಅದೇ.

ಇಂಥ ಕಂಪನಿಗಳ ಹುಟ್ಟೇ ಹಾಗೆ. ಇಂಥದ್ದೇ ಇನ್ನೊಂದು ಕಂಪನಿ ಮೌಸರ್ ಶುರುವಾಗಿದ್ದು 1964ರಲ್ಲಿ, ಕ್ಯಾಲಿಫೋರ್ನಿಯಾದ ಒಬ್ಬ ಫಿಸಿಕ್ಸ್ ಮೇಷ್ಟ್ರಿಂದ. ಶಾಲೆಯ ಎಲೆಕ್ಟ್ರಾನಿಕ್ಸ್ ಪಾಠಕ್ಕೆ ಸಾಮಾನು ಸಿಗುತ್ತಿರಲಿಲ್ಲ, ಅದಕ್ಕೆ. 1937ರಲ್ಲಿ ಲಂಡನ್ನಿನಲ್ಲಿ ರೇಡಿಯೊ ರಿಪೇರಿಯವರಿಗೆ ಬಿಡಿಭಾಗ ಮಾರಲು ಹುಟ್ಟಿದ ರೇಡಿಯೊಸ್ಪೇರ್ಸ್ ಇವತ್ತಿನ ಆರ್‌ಎಸ್ ಕಂಪನಿ.

ಈಗ ನಿಮ್ಮ ಕೊನೆಯ ಮಾತು, ನಮ್ಮ ಕಡೆ ಆಗೋದುಂಟಾ ಅನ್ನುವುದು. ಕಾರ್ಖಾನೆಯವರು ರೀಲ್ ಲೆಕ್ಕದಲ್ಲಿ ಕೊಡುತ್ತಾರೆ. ಅಂಗೈ ಅಗಲಿಸಿದಷ್ಟು, 7 ಇಂಚಿನ ಒಂದು ರೀಲ್‌ನಲ್ಲಿ 5000 ಚಿಕ್ಕ ರೆಸಿಸ್ಟರ್ ಇರುತ್ತವೆ. ನಿಮಗೆ ಬೇಕಾಗಿದ್ದು ಎರಡು. ಆ ಎರಡನ್ನು ಎಣಿಸಿ, ಕವರಿಗೆ ಹಾಕಿ, ಅವತ್ತೇ ಕಳಿಸುವವನೇ ಈ ವ್ಯಾಪಾರಸ್ಥ. ಸಾಮಾನು ಅಡಿಕೆಗಿಂತ ಹಗುರ, ಆದ್ದರಿಂದ ಊರು ಎಲ್ಲಿದ್ದರೂ ನಡೆಯುತ್ತದೆ, ಅಂಚೆ ಸರಿಯಿದ್ದರೆ ಸಾಕು.

ಒಂದು ವರ್ಷ ಮುಂಗಾರಿಗೆ ಮುಂಚಿನ ಸಿಡಿಲಿಗೆ ನಮ್ಮ ತೋಟದ ಪಂಪ್‌ಸೆಟ್ಟಿನ ಬೋರ್ಡ್ ಹೋಯಿತು. ಬಿಚ್ಚಿ ನೋಡಿದರೆ ವೇರಿಸ್ಟರ್, ಅದೇ ವೋಲ್ಟೇಜ್ ಏಕಾಏಕಿ ಏರಿದಾಗ ಬೋರ್ಡನ್ನು ಕಾಯುವ ಆ ನೀಲಿ ಬಿಲ್ಲೆ, ಎರಡು ಹೋಳು, ಒಳಗೆಲ್ಲ ಮಸಿ. ಹತ್ತು ಹದಿನೈದು ರೂಪಾಯಿಯ ವಸ್ತು. ಶಿವಮೊಗ್ಗ ಪೂರ್ತಿ ಸುತ್ತಿದೆ, ಕೊನೆಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಿಂದ ಬಸ್ ಪಾರ್ಸೆಲ್‌ನಲ್ಲಿ ಬರಲು ಐದು ದಿನ. ಅಷ್ಟು ದಿನ ಸಸಿಗೆ ನೀರಿಲ್ಲ. ಕೋಟಿ ಬಗೆ ಬೇಡ ಸ್ವಾಮಿ, ಮಲೆನಾಡಿನ ಸಿಡಿಲು ಸುಡುವ ನೂರಿನ್ನೂರು ಬಗೆ ಸದಾ ಇಟ್ಟು, ಸಾಗರ, ಹೊಸನಗರ, ಕೊಪ್ಪದ ರಿಪೇರಿಯವರಿಗೆ ಒಂದೊಂದೇ ಕಳಿಸಿ ನೋಡಿ. ಖಂಡಿತ ಆಗುತ್ತದೆ. ಮಗನ ಕೈಲೇ ಶುರು ಮಾಡಿಸಿ.

ಪ್ರಶ್ನೆ: ಸಾಗರದಲ್ಲಿ ಯಕ್ಷಗಾನಕ್ಕೆ ಮೈಕ್‌ಸೆಟ್ ಹಾಕುತ್ತೇನೆ. ಆಂಪ್ಲಿಫೈಯರ್‌ಗೆ ಹೊಸ 2ಎನ್3055 ಪವರ್ ಟ್ರಾನ್ಸಿಸ್ಟರ್ ಹಾಕಿದರೂ ಒಂದೇ ರಾತ್ರಿಗೆ ಸುಟ್ಟುಹೋಗುತ್ತದೆ, ಯಾಕೆ?

ಉತ್ತರ: ನಕಲಿ ಇರಬಹುದು, ಈ ನಂಬರಿನಲ್ಲಿ ಅದು ಜಾಸ್ತಿ. ಸುಟ್ಟ ಒಂದರ ಲೋಹದ ಮುಚ್ಚಳವನ್ನು ಗರಗಸದಲ್ಲಿ ಕೊಯ್ದು ನೋಡಿ. ಅಸಲಿಯಲ್ಲಿ ಸಿಲಿಕಾನ್ ತುಂಡು ದೊಡ್ಡದಿರುತ್ತದೆ, ನಕಲಿಯಲ್ಲಿ ಸಾಸಿವೆಯಷ್ಟು. ಅಷ್ಟು ಚಿಕ್ಕದು ಚೆಂಡೆ ಏರಿದಾಗಿನ ಕರೆಂಟು ಹೇಗೆ ತಡೆದೀತು? ತಯಾರಕರು ಅಧಿಕೃತವಾಗಿ ನೇಮಿಸಿದ ವಿತರಕರಿಂದಲೇ ಬಿಲ್ ಸಮೇತ ತರಿಸಿ. ಹಾಗೇ ಟ್ರಾನ್ಸಿಸ್ಟರಿಗೂ ಅದರ ಬಿಸಿ ಎಳೆಯುವ ಹೀಟ್‌ಸಿಂಕಿಗೂ ನಡುವಿನ ಮೈಕಾ ಹಾಳೆಗೆ ಎರಡೂ ಕಡೆ ಪೇಸ್ಟ್ ಹಚ್ಚಿದ್ದೀರಾ, ಅದನ್ನೂ ನೋಡಿಕೊಳ್ಳಿ.