ಹಗುರದ ಸುಜುಕಿಯಾ, ಐದು ವಾಲ್ವಿನ ಯಮಹಾನಾ?

ಪ್ರಶ್ನೆ: ಸರ್, ನಾನಿರೋದು ಜರ್ಮನಿಯಲ್ಲಿ. ಒಂದು ಹಳೇ ಜಪಾನಿ ಸ್ಪೋರ್ಟ್ಸ್ ಬೈಕ್ ಇಟ್ಟುಕೊಳ್ಳಬೇಕು ಅಂತ ಬಹಳ ದಿನದ ಆಸೆ. 1985ರ ಸುಜುಕಿ ಜಿಎಸ್‌ಎಕ್ಸ್-ಆರ್ 750, ಅದೇ ವರ್ಷದ ಯಮಹಾ ಎಫ್‌ಝಡ್ 750 ಎರಡೂ ಮಾರಾಟಕ್ಕಿವೆ. ಓಡಿಸೋದು ಭಾನುವಾರ ಮಾತ್ರ. ಯಾವುದು ತಗೊಳ್ಳಲಿ?

ಉತ್ತರ: ಈ ಜಗಳ ಶುರುವಾಗಿದ್ದೇ ನೀವಿರುವ ದೇಶದಲ್ಲಿ! 1984ರ ಕಲೋನ್ ಬೈಕ್ ಪ್ರದರ್ಶನದಲ್ಲಿ ಎರಡೂ ಅಕ್ಕಪಕ್ಕದ ಸುದ್ದಿ. ಎರಡೂ 749 ಸಿಸಿ, ನಾಲ್ಕು ಸಿಲಿಂಡರ್, ಹೆಚ್ಚುಕಮ್ಮಿ 100 ಹಾರ್ಸ್‌ಪವರ್. ಆದರೆ ಪೆಟ್ರೋಲು, ಆಯಿಲ್ ಹಾಕದೆ ತೂಗಿದರೆ ಸುಜುಕಿ 176 ಕೇಜಿ, ಯಮಹಾ 209. ಮಧ್ಯದ 33 ಕೇಜಿ ಅಂದರೆ ನಮ್ಮ ಅಡುಗೆಮನೆಯ ತುಂಬಿದ ಗ್ಯಾಸ್ ಸಿಲಿಂಡರ್‌ಗಿಂತ ಜಾಸ್ತಿ ಆಯ್ತಲ್ವಾ.

ಸುಜುಕಿಯದು ಅಲ್ಯೂಮಿನಿಯಂ ಫ್ರೇಮು, ಯಮಹಾದ್ದು ಸ್ಟೀಲು. ಇಷ್ಟು ಕೇಳಿದವರೆಲ್ಲ ಸುಜುಕಿ ಕಡೆ ವಾಲುತ್ತಾರೆ. ನಾನು ಮಾತ್ರ ನಿಮಗೆ ಯಮಹಾ ಅಂತೀನಿ. ಸುಜುಕಿ ಎಂಜಿನ್ ಕೆಳಗಿನ ಆರ್‌ಪಿಎಂನಲ್ಲಿ (ಅಂದರೆ ನಿಧಾನಕ್ಕೆ ಸುತ್ತುವಾಗ) ಸುಮ್ನೆ ತೂಕಡಿಸುತ್ತದೆ, ಮುಳ್ಳು ಮೇಲೇರಿದ ಮೇಲೆ ಒಮ್ಮೆಲೇ ಎದ್ದು ಓಡುತ್ತದೆ, ಅದು ರೇಸ್ ಟ್ರ್ಯಾಕಿಗೆ ಚೆನ್ನ, ಹಳ್ಳಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕಿಕೊಂಡಾಗ ಅಲ್ಲ. ಮೊದಲ ವರ್ಷದ ಗಾಡಿ ಜೋರು ಸ್ಪೀಡಲ್ಲಿ ಅಲ್ಲಾಡುತ್ತದೆ ಅನ್ನೋ ದೂರೂ ಇತ್ತು. 1986ರ ಮಾದರಿಗೆ ಸ್ವಿಂಗ್‌ಆರ್ಮ್, ಅಂದರೆ ಹಿಂದಿನ ಚಕ್ರ ಹಿಡಿದಿರುವ ತೋಳು, ಉದ್ದ ಮಾಡಿದರು.

ಯಮಹಾದಲ್ಲಿ ಒಂದೊಂದು ಸಿಲಿಂಡರ್‌ಗೆ ಐದು ವಾಲ್ವು (ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲು), ಒಟ್ಟು 20. ಸಿಲಿಂಡರ್‌ಗಳನ್ನು 45 ಡಿಗ್ರಿ ಮುಂದಕ್ಕೆ ಬಗ್ಗಿಸಿದ್ದಾರೆ. ಹಾಗಾಗಿ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರ್ ಮೇಲಿಂದ ನೇರವಾಗಿ ಗಾಳಿ, ಪೆಟ್ರೋಲು ಇಳಿಸುತ್ತದೆ, ಟ್ಯಾಂಕಿನ ಭಾರವೂ ಕೆಳಗೆ, ಹಿಂದಕ್ಕೆ ಸರಿಯುತ್ತದೆ. ಮಧ್ಯದ ಆರ್‌ಪಿಎಂನಲ್ಲೇ ಎಳೆಯುತ್ತದೆ, ಗೇರ್ ಪದೇ ಪದೇ ಇಳಿಸೋ ಗೋಳಿಲ್ಲ. ಭಾರದ ಗಾಡಿ ಅಂತ ಮೂಗು ಮುರಿಯುವವರಿಗೆ ಒಂದು ಮಾತು: ಅಮೆರಿಕದ 1986ರ ಡೇಟೋನಾ 200 ಬೈಕ್ ರೇಸನ್ನು ಎಡ್ಡಿ ಲಾಸನ್ ಗೆದ್ದಿದ್ದು ಇದರ ಮೇಲೇ. (ಕೆವಿನ್ ಶ್ವಾಂಟ್ಜ್ 1988ರಲ್ಲಿ ಅಲ್ಲೇ ಸುಜುಕಿಯಲ್ಲಿ ಗೆದ್ದ. ಸುಜುಕಿ ಅಭಿಮಾನಿಗಳು ಪತ್ರ ಬರೆಯೋದು ಬೇಡ.)

ರಿಪೇರಿ ನೀವೇ ಮಾಡ್ಕೊಳ್ಳೋರಾದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಸುಜುಕಿಯ ವಾಲ್ವ್ ಗ್ಯಾಪ್ ಸ್ಕ್ರೂ ತಿರುಗಿಸಿ, ನಟ್ ಬಿಗಿ ಮಾಡಿದರೆ ಮುಗೀತು. ಯಮಹಾದಲ್ಲಿ ಕ್ಯಾಮ್ (ವಾಲ್ವ್ ಒತ್ತುವ ದಂಡ) ಬಿಚ್ಚಿ, ಶಿಮ್ (ಗ್ಯಾಪ್ ಸರಿಮಾಡುವ ತೆಳು ಬಿಲ್ಲೆ) ಬದಲಿಸಬೇಕು, ಅದೂ 20 ವಾಲ್ವಿಗೆ ಗ್ಯಾಪ್ ನೋಡಿಕೊಂಡು. ಅದರ ಮುಂದಿನ 16 ಇಂಚಿನ ಚಕ್ರಕ್ಕೆ ಟೈರಿನ ಆಯ್ಕೆಯೂ ಕಮ್ಮಿ, ಮೊದಲೇ ವಿಚಾರಿಸಿ.

ಯಾವುದೇ ನೋಡೋಕೆ ಹೋದರೂ ಮೊದಲು ಎಂಜಿನ್ ಹತ್ತಿರ ಕೈ ಹಿಡಿದು ನೋಡಿ. ನೀವು ಹೋಗುವ ಮುಂಚೆಯೇ ಬಿಸಿಯಿದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗಲ್ವೇನೋ ಅಂತ ಅನುಮಾನ ಪಡಿ. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ.

ಪ್ರಶ್ನೆ: ಸುಜುಕಿಯದು ಆಯಿಲ್ ಕೂಲಿಂಗ್ ಅಂತಾರಲ್ಲ, ಆಯಿಲ್ ಜಾಸ್ತಿ ಕುಡಿಯುತ್ತಾ?

ಉತ್ತರ: ಇಲ್ಲ. ಅದೇ ಎಂಜಿನ್ ಆಯಿಲನ್ನು ಪಿಸ್ಟನ್ ತಳಕ್ಕೂ ಸಿಲಿಂಡರ್ ಹೆಡ್ಡಿಗೂ ಚಿಮ್ಮಿಸಿ, ಮುಂದಿನ ಕೂಲರ್‌ನಲ್ಲಿ ತಣ್ಣಗೆ ಮಾಡಿ ಮತ್ತೆ ಸುತ್ತಿಸುತ್ತಾರೆ. ಆಯಿಲ್ ಕಮ್ಮಿ ಆಗ್ತಿದ್ದರೆ ಅದು ಸವೆತ, ಕೂಲಿಂಗ್ ಮೇಲೆ ತಪ್ಪು ಹೊರಿಸಬೇಡಿ.