ಮರಾಟ್ ಚಿತ್ರದ ಕೆಳಗಿರುವ 1793

ಪ್ಯಾರಿಸ್‌ನ ಹಳೆಯ ಪುಸ್ತಕದ ಅಂಗಡಿಯಲ್ಲಿ ಕೊಂಡ, ಫ್ರೆಂಚ್ ಕ್ರಾಂತಿಯ ನಾಯಕ ಮರಾಟ್‌ನ ಮುಖಚಿತ್ರದ ಕೆಳಗೆ ‘13 ಜುಲೈ 1793’ ಎಂದಿದೆ, ಅದು ಆ ವರ್ಷದ್ದೇ ಎಂದು ಕೇಳಿದ್ದೀರಿ. ಆ ದಿನಾಂಕವನ್ನು ನಂಬಿ ಕುಳಿತುಕೊಳ್ಳಬೇಡಿ. ಅದು ಶಾರ್ಲಟ್ ಕೋರ್ದೆ ಅವನನ್ನು ಸ್ನಾನದ ತೊಟ್ಟಿಯಲ್ಲಿ ಇರಿದು ಕೊಂದ ದಿನ, ಅಚ್ಚಾದ ದಿನವಲ್ಲ. ಇಂಥ ಸ್ಮಾರಕ ಚಿತ್ರಗಳನ್ನು ಮುಂದಿನ ಶತಮಾನದಲ್ಲೂ ಅಚ್ಚು ಹಾಕಿ ಮಾರಿದ್ದಾರೆ.

ಮೊದಲು ಭೂತಗನ್ನಡಿ ಹಿಡಿಯಿರಿ. ಸಾಲುಸಾಲಾಗಿ, ಒಂದೇ ಅಂತರದಲ್ಲಿ ಚುಕ್ಕೆಗಳು ಕಂಡರೆ ಅದು ಫೋಟೋದಿಂದ ತೆಗೆದ ಮುದ್ರಣ, ಅಲ್ಲಿಗೆ ಕಥೆ ಮುಗಿಯಿತು. ಆದರೆ ಚುಕ್ಕೆ ಕಂಡ ಮಾತ್ರಕ್ಕೆ ಎಸೆಯಬೇಡಿ: ಆ ಕಾಲದ ಕೆತ್ತನೆಗಾರರೂ ಕೈಯಿಂದ ಚುಕ್ಕೆಯಿಟ್ಟು ನೆರಳು ತರುತ್ತಿದ್ದರು, ಅವು ಒಂದರಂತೆ ಇನ್ನೊಂದು ಇರುವುದಿಲ್ಲ. ತಾಮ್ರದ ತಗಡಿನಿಂದ ಒತ್ತಿದ್ದಾದರೆ ಚಿತ್ರದ ಸುತ್ತ ತಗಡಿನ ಅಂಚು ಕಾಗದದಲ್ಲಿ ತಗ್ಗಾಗಿ ಕೂತಿರುತ್ತದೆ, ಬೆರಳಿಗೇ ಸಿಗುತ್ತದೆ. ಅಂಚು ಕತ್ತರಿಸಿ ಚೌಕಟ್ಟು ಹಾಕಿದ್ದರೆ ಮಾತ್ರ ಈ ಸುಳಿವು ಹೋಯಿತು. ಕಲ್ಲಚ್ಚಿನದಾದರೆ (ಲಿಥೋಗ್ರಫಿ) 1793ರದ್ದಾಗಲು ಸಾಧ್ಯವೇ ಇಲ್ಲ, ಆ ವಿದ್ಯೆ ಹುಟ್ಟಿದ್ದೇ ಅದಾದ ಕೆಲವು ವರ್ಷಗಳಿಗೆ. ಕಾಗದವನ್ನು ಬೆಳಕಿಗೆ ಹಿಡಿದು ಹಳೆಯ ಕೈಕಾಗದದ ಅಚ್ಚಿನ ಜಾಲರಿ ಬಿಟ್ಟ ಗೆರೆಗಳಿವೆಯೇ ನೋಡಿ. ಇದ್ದರೆ ಆಸೆ ಇಟ್ಟುಕೊಳ್ಳಬಹುದು, ಖಾತ್ರಿಯಲ್ಲ.

ತಲೆ ಪಕ್ಕಕ್ಕೆ ವಾಲಿ, ತಲೆಗೆ ಬಟ್ಟೆ ಸುತ್ತಿದ್ದರೆ ಅದು ಆ ಕಾಲದ ಚಿತ್ರಕಾರ ಡಾವಿಡ್ ಬರೆದ ರೂಪದ ಜಾಡಿನದು. ಅವನ ವರ್ಣಚಿತ್ರ ಈಗ ಬ್ರಸೆಲ್ಸ್‌ನಲ್ಲಿದೆ. 1795ರ ಫೆಬ್ರವರಿಯಲ್ಲಿ ಮರಾಟ್‌ನ ಅವಶೇಷಗಳನ್ನೇ ಪ್ಯಾಂಥಿಯನ್‌ನಿಂದ (ಪ್ಯಾರಿಸ್‌ನಲ್ಲಿ ದೇಶದ ಮಹನೀಯರನ್ನು ಹೂಳುವ ಕಟ್ಟಡ) ಹೊರಹಾಕಿದರು. ಅಷ್ಟರಲ್ಲಿ ಅವನ ಚಿತ್ರ ಗೋಡೆಯ ಮೇಲಿರುವುದೇ ಅಪಾಯವಾಗಿತ್ತು.

ಬೆಲೆ ಕಟ್ಟುವ ಮೊದಲು ಹಿಂಬದಿಯ ಫೋಟೋವನ್ನೂ ಹಾಕಿ.